ಖಾಲಿ ಕೋಣೆ, ಬರುವ ಪ್ರವಾಸಿ, ನಡುವೆ ಒಂದು ಆ್ಯಪ್: ಯಾವ ದಾರಿ ಯಾರಿಗೆ ಸರಿ?

ಊರಿನ ಮನೆಯಲ್ಲಿ ಮೂರು ಕೋಣೆ ಖಾಲಿ ಇವೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. ಪ್ರವಾಸಿಗರಿಗೆ ಕೋಣೆ ತೋರಿಸುವ ಏರ್‌ಬಿಎನ್‌ಬಿ ಆ್ಯಪ್‌ಗೆ ಹಾಕಬಹುದೇ, ಹೋಂಸ್ಟೇ ಎಂದು ನೋಂದಾಯಿಸಬೇಕೇ, ಇಲ್ಲವೇ ಯಾವುದಾದರೂ ಕಂಪನಿಗೆ ಗುತ್ತಿಗೆ ಕೊಟ್ಟು ನಿಶ್ಚಿಂತೆಯಾಗಿರಬಹುದೇ? ಸಕಲೇಶಪುರದವರು, ಮಡಿಕೇರಿಯವರು, ಮೈಸೂರಿನ ಬಡಾವಣೆಗಳವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಬಹುಪಾಲು ಜನ ಮಾತು ಆರಂಭಿಸುವುದು ಆ್ಯಪ್‌ನಿಂದ: ಯಾವುದರಲ್ಲಿ ಕಮಿಷನ್ ಕಡಿಮೆ, ಯಾವುದರಲ್ಲಿ ಅತಿಥಿಗಳು ಬೇಗ ಸಿಗುತ್ತಾರೆ. ಕಾನೂನು ಆ್ಯಪ್‌ನ ಹೆಸರನ್ನು ಕೇಳುವುದು ತೀರಾ ಕೊನೆಗೆ. ಮಾಲೀಕರು ಅದೇ ಮನೆಯಲ್ಲಿ ವಾಸವಿದ್ದಾರೆಯೇ, ಮನೆ ನಿಂತಿರುವ ನೆಲ ಯಾವ ಬಗೆಯದು, ಬಂದವರ ಹೆಸರು ಯಾವ ದಫ್ತರದಲ್ಲಿದೆ ಎಂಬುದು ಅದರ ಮೊದಲ ವಿಚಾರಣೆ. ಹಾಗಾಗಿ ನಾವೂ ಅದೇ ಕ್ರಮದಲ್ಲಿ ಹೋಗೋಣ.

ಅದಕ್ಕೂ ಮೊದಲು ಆ್ಯಪ್ ಕಂಪನಿಗಳು ಎಲ್ಲಿ ನಿಂತಿವೆ ಎಂಬುದು ಗೊತ್ತಿರಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಮಧ್ಯವರ್ತಿಗಳಿಗೆ ಷರತ್ತುಬದ್ಧ ರಕ್ಷಣೆ ಕೊಡುತ್ತದೆ. ‘ನಾವು ಮನೆ ನಡೆಸುವವರಲ್ಲ, ಮನೆಯವರನ್ನೂ ಪ್ರವಾಸಿಗರನ್ನೂ ಭೇಟಿ ಮಾಡಿಸುವವರು ಅಷ್ಟೇ’ ಎಂಬ ವಾದಕ್ಕೆ ಅದೇ ಆಧಾರ. ಯುರೋಪಿನಲ್ಲಿಯೂ ಈ ಜಗಳ ನಡೆದಿದೆ. ಅಲ್ಲಿನ ನ್ಯಾಯಾಲಯ 2017ರಲ್ಲಿ ಊಬರ್ ಸಾರಿಗೆ ಸೇವೆಯೇ ಹೌದು ಎಂದಿತು; 2019ರಲ್ಲಿ ಏರ್‌ಬಿಎನ್‌ಬಿಯನ್ನು ಮಾತ್ರ ಮಾಹಿತಿ ಸೇವೆ ಎಂದು ಪರಿಗಣಿಸಿತು. ಕಾರು ಓಡಿಸುವ ಆ್ಯಪ್‌ಗೆ ಸಿಗದ ರಿಯಾಯಿತಿ ಕೋಣೆ ತೋರಿಸುವ ಆ್ಯಪ್‌ಗೆ ಸಿಕ್ಕಿತು. ನಮಗೆ ಇದರ ಫಲಿತಾಂಶ ಏನೆಂದರೆ, ಪೊಲೀಸರು, ಪಂಚಾಯಿತಿ, ತಹಶೀಲ್ದಾರರು ಹುಡುಕಿಕೊಂಡು ಬರುವುದು ಮನೆಯ ಯಜಮಾನರನ್ನೇ. ಆ್ಯಪ್‌ನ ಪಟ್ಟಿಗೆ ಮನೆ ಸೇರಿಸುವಾಗ ‘ಸ್ಥಳೀಯ ಕಾನೂನುಗಳನ್ನು ಪಾಲಿಸುವ ಹೊಣೆ ನನ್ನದು’ ಎಂಬ ಸಾಲಿಗೆ ನೀವು ಒಪ್ಪಿಗೆ ಕೊಟ್ಟಾಗಿರುತ್ತದೆ, ಓದಿರಲಿ ಬಿಡಲಿ.

ಅಳತೆಗೋಲುಗಳು

ಮೊದಲನೆಯದು ವಾಸ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಇನ್‌ಕ್ರೆಡಿಬಲ್ ಇಂಡಿಯಾ’ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಹಾಗೂ ಹೋಂಸ್ಟೇ ಯೋಜನೆಯ ಪ್ರಕಾರ ಮಾಲೀಕರು ಕುಟುಂಬದೊಂದಿಗೆ ಅಲ್ಲೇ ವಾಸವಿರಬೇಕು. ಬಾಡಿಗೆಗೆ ಕೊಡುವ ಕೋಣೆ ಒಂದರಿಂದ ಆರು, ಹಾಸಿಗೆ ಹನ್ನೆರಡು ಮೀರಬಾರದು. ಕರ್ನಾಟಕದ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಕಲ್ಪನೆಯೂ ಮಾಲೀಕರ ವಾಸದ ಮೇಲೇ ನಿಂತಿದೆ. ಬೀಗ ಹಾಕಿದ ಮನೆಯ ಮುಂದೆ ‘ಹೋಂಸ್ಟೇ’ ಎಂದು ಫಲಕ ತೂಗುಹಾಕಿ, ಕೀಲಿಯನ್ನು ಕೆಲಸದವರ ಕೈಗೆ ಕೊಟ್ಟು ಹೋಗುವುದು ನಮ್ಮ ಗುಡ್ಡಗಾಡಿನಲ್ಲಿ ಮಾಮೂಲಿ ನೋಟ. ಆದರೆ ಕಾನೂನಿನ ಲೆಕ್ಕದಲ್ಲಿ ಅದು ಹೋಂಸ್ಟೇ ಆಗುವುದಿಲ್ಲ.

ಎರಡನೆಯದು ನೆಲ. ಇದನ್ನು ಜನ ಅತಿ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೃಷಿ ಜಮೀನಿನಲ್ಲಿ ಬೇರೆ ಉದ್ದೇಶದ ಕಟ್ಟಡ ಬೇಕೆಂದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ ಆಗಬೇಕು. ತೋಟದ ಮನೆ ರೈತ ವಾಸಿಸಲು ಇರುವ ಸೌಲಭ್ಯ. ಅದೇ ತೋಟದಲ್ಲಿ ಸಾಲಾಗಿ ನಾಲ್ಕು ಕಾಟೇಜು ಎಬ್ಬಿಸಿದರೆ ಕತೆ ಬೇರೆ. ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ತಲೆಮಾರುಗಳಿಂದ ಕುಟುಂಬಕ್ಕೆ ಒಟ್ಟಾಗಿ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಪಟ್ಟೇದಾರರ (ಕುಟುಂಬದ ಹಿರಿಯರ) ಜೊತೆಗೆ ಒಕ್ಕದ, ಅಂದರೆ ಒಂದೇ ಮನೆತನದ, ಹಲವರ ಹೆಸರುಗಳಿರುತ್ತವೆ. ಮನೆ ನಿಮ್ಮ ಅನುಭವದಲ್ಲಿದ್ದರೂ ಅರ್ಜಿ ಹಾಕುವಾಗ ಉಳಿದವರ ಒಪ್ಪಿಗೆ ಪತ್ರ ಕೇಳುತ್ತಾರೆ. ದೊಡ್ಡಪ್ಪನ ಮಕ್ಕಳೊಂದಿಗೆ ಮಾತು ಬಿಟ್ಟವರು ಮೊದಲು ಆ ಮಾತನ್ನು ಜೋಡಿಸಿಕೊಳ್ಳಬೇಕು.

ಬಂಡೀಪುರದ ಸುತ್ತ 2012ರಲ್ಲಿ ಘೋಷಣೆಯಾದ ಪರಿಸರ ಸೂಕ್ಷ್ಮ ವಲಯವಿದೆ. ಅಲ್ಲಿ ನಿಮ್ಮ ಸ್ವಂತ ಪಟ್ಟಾ ಜಮೀನಿದ್ದರೂ ವಾಣಿಜ್ಯ ವಸತಿಗೆ ನಿರ್ಬಂಧಗಳಿವೆ. ಗೋಕರ್ಣ, ಮಲ್ಪೆ, ಕಾರವಾರದ ಕಡಲಂಚಿನವರಿಗೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅನ್ವಯಿಸುತ್ತದೆ. ಸ್ಥಳೀಯ ಸಮುದಾಯದವರು ಇರುವ ಮನೆಯ ತಳಪಾಯ, ಮುಂಭಾಗ ಬದಲಿಸದೆ ಹೋಂಸ್ಟೇ ನಡೆಸಲು ಅದರಲ್ಲಿ ಅವಕಾಶವಿದೆ, ಹೊಸ ಕಟ್ಟಡಕ್ಕೆ ಆ ಸಲುಗೆಯಿಲ್ಲ. ನೆಲದ ಕಾನೂನು ಉಳಿದೆಲ್ಲವನ್ನೂ ಹೇಗೆ ನುಂಗುತ್ತದೆ ಎಂಬುದಕ್ಕೆ ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯೇ ಸಾಕ್ಷಿ. ವರ್ಷಗಟ್ಟಲೆ ವಿದೇಶಿ ಪ್ರವಾಸಿಗರಿಂದ ತುಂಬಿದ್ದ ಅಲ್ಲಿನ ಗೆಸ್ಟ್‌ಹೌಸ್‌ಗಳು ಸಂರಕ್ಷಿತ ಪ್ರದೇಶದಲ್ಲಿವೆ ಎಂಬುದನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಪ್ರವಾಸಿಗರು ಮೆಚ್ಚುಗೆಯಾಗಿ ಕೊಟ್ಟ ರೇಟಿಂಗ್ ನಕ್ಷತ್ರಗಳು ಯಾವ ಗೋಡೆಯನ್ನೂ ಉಳಿಸಲಿಲ್ಲ.

ಮೂರನೆಯದು ದಫ್ತರ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಜನರ ಬಾಯಲ್ಲಿ ಇದು ‘ಸಿ ಫಾರ್ಮ್’. ಮೊದಲು 1946ರ ವಿದೇಶಿಯರ ಕಾಯ್ದೆ ಮತ್ತು ಅದರ ಜೊತೆಗಾರ ಕಾಯ್ದೆಗಳು ಇದನ್ನು ನೋಡಿಕೊಳ್ಳುತ್ತಿದ್ದವು. 2025ರ ಸೆಪ್ಟೆಂಬರ್ 1ರಿಂದ ಅವುಗಳ ಜಾಗಕ್ಕೆ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ, ವಸತಿ ಕೊಟ್ಟವರ ಹೊಣೆ ಹಾಗೆಯೇ ಉಳಿದಿದೆ. ‘ನನ್ನದು ಒಂದೇ ಕೋಣೆ’, ‘ಅವರು ಆ್ಯಪ್ ಮೂಲಕ ಬಂದವರು’ ಎಂಬ ಸಬೂಬು ನಡೆಯುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದ ನಮ್ಮ ಊರಿನದೇ ಹುಡುಗ ಹಣ ಕೊಟ್ಟು ತಂಗಿದರೂ ಅವನು ಈ ಲೆಕ್ಕದಲ್ಲಿ ವಿದೇಶಿಯೇ. ದೇಶದೊಳಗಿನ ಅತಿಥಿಗಳಿಗೆ ಗುರುತಿನ ಚೀಟಿಯ ಪ್ರತಿ, ರಿಜಿಸ್ಟರಿನಲ್ಲಿ ಸಹಿ, ವಾಹನ ಸಂಖ್ಯೆ ಇಷ್ಟಾದರೂ ಇರಲಿ.

ನಾಲ್ಕನೆಯದು ತೆರಿಗೆ, ಐದನೆಯದು ನೆರೆಹೊರೆ. ಇವೆರಡನ್ನೂ ಆಯಾ ದಾರಿಯ ಜೊತೆಗೇ ನೋಡಬಹುದು.

ಮಾಲೀಕರೇ ವಾಸವಿರುವ ಹೋಂಸ್ಟೇ

ಊರಿನಲ್ಲಿ ಅಪ್ಪ ಅಮ್ಮ ಇದ್ದಾರೆ, ಅಡುಗೆಗೆ ಕೈ ಬರುತ್ತದೆ, ಅಪರಿಚಿತರೊಂದಿಗೆ ಮಾತಾಡಲು ಬೇಸರವಿಲ್ಲ ಎನ್ನುವ ಮನೆಗೆ ನನ್ನ ಮತ ಇದಕ್ಕೇ. ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ನೋಂದಣಿ. ಆಸ್ತಿ ದಾಖಲೆ, ಸ್ಥಳೀಯ ಸಂಸ್ಥೆಯ ನಿರಾಕ್ಷೇಪಣಾ ಪತ್ರ, ಪೊಲೀಸ್ ಪರಿಶೀಲನೆ ಇವು ಮುಖ್ಯ ಕಾಗದಗಳು. ಬಂಡವಾಳ ಕಡಿಮೆ: ಇರುವ ಕೋಣೆಗೆ ಸುಣ್ಣಬಣ್ಣ, ಒಳ್ಳೆಯ ಹಾಸಿಗೆ, ಬಿಸಿನೀರು, ಶುಚಿಯಾದ ಶೌಚಾಲಯ. ಪಂಚಾಯಿತಿಯವರು ಒಮ್ಮೆ ಓಡಾಡಿಸಬಹುದು, ಎರಡು ಸಲ ಓಡಾಡಿಸಬಹುದು. ಆದರೆ ಆ ಪ್ರಮಾಣಪತ್ರ ಕೈಗೆ ಬಂದ ಮೇಲೆ ಠಾಣೆಯಿಂದ ಫೋನ್ ಬಂದಾಗ ಧ್ವನಿ ನಡುಗುವುದಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ಸಣ್ಣ ಹೋಂಸ್ಟೇಗೆ ಇದು ಹದವಾದ ದಾರಿ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ಮೂರು ಕೋಣೆ, ತಲಾ 3,000 ರೂಪಾಯಿ, ವರ್ಷದಲ್ಲಿ 150 ರಾತ್ರಿ ಮೂರೂ ತುಂಬಿದವು ಎಂದುಕೊಳ್ಳಿ. ಆದರೂ ವಹಿವಾಟು 13.5 ಲಕ್ಷ. ನೇರವಾಗಿ ಫೋನ್ ಮಾಡಿ ಬಂದವರಿಂದ ನೀವು ಜಿಎಸ್‌ಟಿ ವಸೂಲಿ ಮಾಡಬೇಕಿಲ್ಲ. ಅದೇ ಅತಿಥಿ ಆ್ಯಪ್ ಮೂಲಕ ಬಂದರೆ, ನಿಮಗೆ ನೋಂದಣಿ ಅಗತ್ಯವಿಲ್ಲದಿದ್ದರೂ ಜಿಎಸ್‌ಟಿ ಕಾಯ್ದೆಯ 9(5)ನೇ ಸೆಕ್ಷನ್ ಪ್ರಕಾರ ಆ್ಯಪ್ ಕಂಪನಿಯೇ ತೆರಿಗೆ ಕಟ್ಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5, ಅದನ್ನು ಮೀರಿದರೆ ಶೇ 18. ಅಂದರೆ ನಿಮ್ಮ 3,000 ರೂಪಾಯಿ ಕೋಣೆಗೆ ಆ್ಯಪ್‌ನಲ್ಲಿ 150 ರೂಪಾಯಿ ತೆರಿಗೆ ಸೇರುತ್ತದೆ, ಕಮಿಷನ್ ಬೇರೆ. ಒಮ್ಮೆ ಬಂದವರು ಮತ್ತೆ ನೇರವಾಗಿ ಫೋನ್ ಮಾಡುವಂತೆ ನೋಡಿಕೊಳ್ಳುವ ಮನೆಗಳು ಲಾಭದಲ್ಲಿರುವುದಕ್ಕೆ ಇದೂ ಒಂದು ಕಾರಣ. 20 ಲಕ್ಷದ ಲೆಕ್ಕದಲ್ಲಿ ಆ್ಯಪ್ ಮೂಲಕ ಬಂದ ಹಣವೂ ಸೇರುತ್ತದೆ ಎಂಬುದನ್ನು ಮರೆಯಬೇಡಿ. ಪೇಟೆಯಲ್ಲಿ ಅಂಗಡಿ ಮಳಿಗೆಯ ಬಾಡಿಗೆ ಬರುತ್ತಿದ್ದರೆ ಅದೂ ಕೂಡುತ್ತದೆ.

ಊಟ ಕೊಡುವವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು, ಸಣ್ಣ ಪ್ರಮಾಣಕ್ಕೆ ಅದು ಸುಲಭ. ಮನೆಯಲ್ಲಿ ಮಾಡಿದ ವೈನ್ ಬಾಟಲಿಯನ್ನು ಅತಿಥಿಗೆ ಮಾರುವುದು ಮಾತ್ರ ಅಬಕಾರಿ ಅಪರಾಧ, ಎಷ್ಟೇ ಪ್ರೀತಿಯಿಂದ ಮಾಡಿದ್ದರೂ. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಅವಕಾಶವಿಲ್ಲ; ನೆರೆಯವರ ದೂರುಗಳಲ್ಲಿ ಹೆಚ್ಚಿನವು ಕ್ಯಾಂಪ್‌ಫೈರ್ ಸುತ್ತಲಿನ ಹಾಡಿನಿಂದಲೇ ಹುಟ್ಟುತ್ತವೆ. ‘ನಮ್ಮ ಜೀಪಿನಲ್ಲೇ ಮಾಂದಲಪಟ್ಟಿ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇವೆ’ ಎಂದು ಹಣ ಪಡೆಯುವವರು ಬೋರ್ಡಿನ ಬಣ್ಣ ನೋಡಿಕೊಳ್ಳಿ. ಬಿಳಿ ಬೋರ್ಡಿನ ವಾಹನವನ್ನು ಬಾಡಿಗೆಗೆ ಓಡಿಸಿದರೆ ಪರ್ಮಿಟ್ ಉಲ್ಲಂಘನೆ. ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು, ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಅತಿಥಿಯೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಫಲಕದಲ್ಲಿ ಹಳದಿ ಅಕ್ಷರ ಇರಬೇಕು.

ಈ ದಾರಿಯ ಕೊರತೆ ದುಡ್ಡಿನದಲ್ಲ, ಬಿಡುವಿನದು. ಮದುವೆ, ತಿಥಿ, ಕಾಫಿ ಕೊಯ್ಲು ಯಾವುದೇ ಇರಲಿ, ಅತಿಥಿ ಬಂದರೆ ಬಾಗಿಲು ತೆರೆಯಬೇಕು. ಎಪ್ಪತ್ತು ದಾಟಿದ ತಾಯಿಯ ಹೆಸರಿನಲ್ಲಿ ನೋಂದಣಿ ಮಾಡಿಸಿ ಬೆಂಗಳೂರಿನಿಂದ ಬುಕಿಂಗ್ ಒಪ್ಪಿಕೊಳ್ಳುವ ಮಕ್ಕಳು ಈ ಮಾತನ್ನು ಎರಡು ಸಲ ಓದಿಕೊಳ್ಳಲಿ.

ಯಾರೂ ಇಲ್ಲದ ಇಡೀ ಮನೆ, ಇಡೀ ಫ್ಲ್ಯಾಟ್

ಆ್ಯಪ್‌ಗಳಲ್ಲಿ ಜಾಹೀರಾತು ನೋಡಿ ಜನ ಮೊದಲು ಆಸೆಪಡುವುದು ಇದಕ್ಕೆ, ಕಾನೂನಿನಲ್ಲಿ ಅತಿ ದುರ್ಬಲ ನೆಲೆಯೂ ಇದರದೇ. ಮಾಲೀಕರ ವಾಸವಿಲ್ಲದ್ದರಿಂದ ಹೋಂಸ್ಟೇ ನೋಂದಣಿ ಸಿಗದು. ದಿನಕ್ಕೊಬ್ಬರಂತೆ ತಂಗಿಸುವುದರಿಂದ ಅದು ವಾಸದ ಮನೆ ಎನ್ನಲೂ ಕಷ್ಟ. ಉಳಿಯುವುದು ವಾಣಿಜ್ಯ ವಸತಿ ಎಂಬ ಪಂಗಡ. ಅಲ್ಲಿಗೆ ಹೋದರೆ ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ, ವಲಯ ನಿಯಮ, ವಾಣಿಜ್ಯ ದರದ ವಿದ್ಯುತ್, ಆಸ್ತಿ ತೆರಿಗೆಯ ಬೇರೆ ದರ ಒಂದೊಂದಾಗಿ ಬರುತ್ತವೆ. ಇವೆಲ್ಲವನ್ನೂ ಪಾಲಿಸಿ ನಡೆಸಿದರೆ ತಪ್ಪೇನಿಲ್ಲ. ಪಾಲಿಸಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿದವರು ಕಡಿಮೆ.

ಬೆಂಗಳೂರು, ಮೈಸೂರು, ಮಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸರ್ಕಾರಕ್ಕಿಂತ ಮೊದಲು ಎದುರಾಗುವುದು ನಿವಾಸಿಗಳ ಸಂಘ. ನಿಮ್ಮ ಕ್ರಯಪತ್ರ, ಘೋಷಣಾ ಪತ್ರ ಮತ್ತು ಸಂಘದ ಬೈಲಾಗಳನ್ನು ತೆಗೆದು ಓದಿ. ‘ವಾಸದ ಉದ್ದೇಶಕ್ಕೆ ಮಾತ್ರ’ ಎಂಬ ಮಾತು ಇದ್ದೇ ಇರುತ್ತದೆ. ನೆರೆಯವರ ಆತಂಕವನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಸುಲಭ. ವಾರಾಂತ್ಯಕ್ಕೊಂದು ಹೊಸ ಮುಖ ಲಿಫ್ಟ್‌ನಲ್ಲಿ ಕಂಡಾಗ, ಆಟದ ಅಂಗಳದಲ್ಲಿ ಮಕ್ಕಳಿರುವಾಗ, ಅವರ ಪ್ರಶ್ನೆ ನ್ಯಾಯವಾದದ್ದೇ. ಭದ್ರತಾ ಕೊಠಡಿಯವರು ಅತಿಥಿಯನ್ನು ಗೇಟಿನಲ್ಲಿ ತಡೆದು ನಿಲ್ಲಿಸಿದರೆ ಆ್ಯಪ್‌ನಲ್ಲಿ ಒಂದು ನಕ್ಷತ್ರ ಬೀಳುವುದು ನಿಮಗೆ.

ಮಾಲೀಕರಿಲ್ಲದ ಮನೆಯಲ್ಲಿ ಕ್ಯಾಮೆರಾ ಇಡುವ ಆಸೆ ಹುಟ್ಟುತ್ತದೆ. ಗೇಟಿನ ಬಳಿ ಇರಲಿ, ಅತಿಥಿಗೆ ತಿಳಿಸಿಯೂ ಇರಲಿ. ಮನೆಯೊಳಗೆ ಬೇಡವೇ ಬೇಡ; ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಒಳಾಂಗಣ ಕ್ಯಾಮೆರಾಗಳನ್ನು ಪೂರ್ತಿ ನಿಷೇಧಿಸಿದೆ, ಖಾಸಗಿ ದೃಶ್ಯ ಸೆರೆಹಿಡಿದರೆ ಕ್ರಿಮಿನಲ್ ಪ್ರಕರಣವೇ ಆಗುತ್ತದೆ.

ಹಾಗಾದರೆ ಈ ದಾರಿ ಯಾರಿಗೆ? ಸ್ವತಂತ್ರ ಮನೆ ಇದ್ದು, ವಾಣಿಜ್ಯ ಬಳಕೆಗೆ ಅವಕಾಶವಿರುವ ರಸ್ತೆಯಲ್ಲಿದ್ದು, ಹತ್ತು ನಿಮಿಷದಲ್ಲಿ ತಲುಪಬಲ್ಲ ನಂಬಿಕೆಯ ವ್ಯಕ್ತಿ ಊರಲ್ಲೇ ಇರುವವರಿಗೆ. ಫ್ಲ್ಯಾಟ್ ಇರುವವರಿಗೆ ನಾನು ಬೇಡ ಎನ್ನುತ್ತೇನೆ. ಮಹಡಿಯ ಮನೆಯಲ್ಲಿ ನೀವಿದ್ದು ಕೆಳಗಿನ ಮನೆ ಖಾಲಿಯಿದ್ದರೆ ಮಾತು ಬೇರೆ, ಅದನ್ನು ಹೋಂಸ್ಟೇ ಮಾಡಲು ಪ್ರಯತ್ನಿಸಿ.

ಕಂಪನಿಗೆ ಗುತ್ತಿಗೆ

‘ತಿಂಗಳಿಗೆ ಇಷ್ಟು ಖಚಿತ, ಉಳಿದದ್ದೆಲ್ಲ ನಮ್ಮದು’ ಎಂದು ಬರುವ ನಿರ್ವಹಣಾ ಸಂಸ್ಥೆಗಳಲ್ಲಿ ಎರಡು ಬಗೆ. ಮನೆಯನ್ನೇ ಬಾಡಿಗೆಗೆ ಪಡೆಯುವವರು ಒಂದು, ಆದಾಯದಲ್ಲಿ ಪಾಲು ಹಂಚುವವರು ಇನ್ನೊಂದು. ಮೊದಲನೆಯದರಲ್ಲಿ ನೀವು ಬರೀ ಮನೆ ಮಾಲೀಕರು. ಆದಾಯ ತೆರಿಗೆಯಲ್ಲಿ ಮನೆ ಬಾಡಿಗೆಯ ಶೀರ್ಷಿಕೆಯಡಿ ಶೇ 30ರ ಕಡಿತ ಸಿಗುತ್ತದೆ. ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲದೆ ಕಂಪನಿಗೆ ಇದ್ದರೆ ತೆರಿಗೆ ಕಟ್ಟುವ ಹೊಣೆಯೂ ಕಂಪನಿಯದೇ. ಎರಡನೆಯದರಲ್ಲಿ ವಹಿವಾಟು ನಿಮ್ಮ ಹೆಸರಿನಲ್ಲೇ ನಡೆಯಬಹುದು, ಆಗ ಪರವಾನಗಿ ಯಾರ ಹೆಸರಿನಲ್ಲಿ ಎಂಬ ಪ್ರಶ್ನೆ ನೇರವಾಗಿ ನಿಮ್ಮ ಮೇಲೆ ಬೀಳುತ್ತದೆ. ಕರಾರಿನಲ್ಲಿ ನಾಲ್ಕು ಸಂಗತಿ ಬರೆದಿರಲಿ: ಪರವಾನಗಿ ಮತ್ತು ಅತಿಥಿ ದಫ್ತರ ಯಾರ ಹೊಣೆ, ವಿದೇಶಿ ಅತಿಥಿಗಳ ವರದಿ ಯಾರು ಸಲ್ಲಿಸುತ್ತಾರೆ, ಹಾನಿಯಾದರೆ ಯಾರು ಭರಿಸುತ್ತಾರೆ, ಒಂದು ತಿಂಗಳ ಮುನ್ಸೂಚನೆ ಕೊಟ್ಟು ನೀವು ಹೊರಬರಬಹುದೇ.

ದರದ ಷರತ್ತನ್ನೂ ಗಮನಿಸಿ. ಬೇರೆಡೆ ಇದಕ್ಕಿಂತ ಕಡಿಮೆ ದರಕ್ಕೆ ಕೊಡಬಾರದು ಎಂಬ ಸಾಲು ಆ್ಯಪ್‌ಗಳ ಕರಾರಿನಲ್ಲಿ ಅಡಗಿರುತ್ತದೆ. ಇಂಥ ನಿರ್ಬಂಧಗಳೂ ಸೇರಿದ್ದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಸಣ್ಣ ಮಾಲೀಕರೂ ಈ ಸಾಲನ್ನು ತೆಗೆಸಲು ಕೇಳಬಹುದು, ಕೇಳಿದವರಿಗಷ್ಟೇ ಸಿಗುತ್ತದೆ.

ಲಾಡ್ಜ್, ತಿಂಗಳ ಬಾಡಿಗೆ

ಆರು ಕೋಣೆಗಿಂತ ಹೆಚ್ಚು ಬೇಕು, ಬ್ಯಾಂಕ್ ಸಾಲ ತೆಗೆಯುತ್ತೇವೆ, ಸಿಬ್ಬಂದಿ ಇಡುತ್ತೇವೆ ಎನ್ನುವವರು ಹೋಂಸ್ಟೇ ವೇಷ ತೊಡದೆ ನೇರವಾಗಿ ಲಾಡ್ಜ್ ಅಥವಾ ರೆಸಾರ್ಟ್ ಪರವಾನಗಿಗೆ ಹೋಗಲಿ. ಭೂಪರಿವರ್ತನೆ, ಕಟ್ಟಡ ನಕ್ಷೆ, ಅಗ್ನಿ ಸುರಕ್ಷೆ, ಕೊಳಚೆ ನೀರಿನ ವ್ಯವಸ್ಥೆ ಎಲ್ಲವೂ ಬೇಕು. ಖರ್ಚು ದೊಡ್ಡದು, ಆದರೆ ಬೆಳೆಯಲು ಜಾಗವಿದೆ. ದಂಧೆ ನಡೆಸುವ ಮನಸ್ಸೇ ಇಲ್ಲದವರಿಗೆ ತಿಂಗಳ ಬಾಡಿಗೆಗಿಂತ ಸುಖವಾದದ್ದಿಲ್ಲ. ಕೈಗೆ ಬರುವುದು ಕಡಿಮೆಯೇ, ಆದರೆ ಬಾಡಿಗೆದಾರರು ವಾಸಕ್ಕೆಂದೇ ಪಡೆದರೆ ಜಿಎಸ್‌ಟಿ ಇಲ್ಲ, ಸಂಘದ ತಕರಾರಿಲ್ಲ. ಮೈಸೂರಿನಲ್ಲಿ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಇರುವವರು ಈ ಎರಡರ ನಡುವಿನ ಒಳ್ಳೆಯ ಗಿರಾಕಿಗಳು. ಅವರು ವಿದೇಶಿಯರಾದರೆ 24 ಗಂಟೆಯ ವರದಿ ಮಾತ್ರ ಇಲ್ಲಿಯೂ ತಪ್ಪದು.

ಗಡಿಯಾಚೆ ಮನೆ ಇರುವವರಿಗೆ

ಕಾಸರಗೋಡಿನ ಕನ್ನಡಿಗರಿಗೆ ಕೇರಳದ ನಿಯಮ ಅನ್ವಯ. ಅಲ್ಲಿ ಹೋಂಸ್ಟೇಗಳಿಗೆ ವಜ್ರ, ಚಿನ್ನ, ಬೆಳ್ಳಿ ಎಂಬ ದರ್ಜೆಗಳಿವೆ. ಗೋವಾದಲ್ಲಿ ಮನೆ ಕೊಂಡವರು 1982ರ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆ ನೋಡಬೇಕು. ಲಂಡನ್ನಿನಲ್ಲಿ ಇಡೀ ಮನೆಯನ್ನು ಅನುಮತಿಯಿಲ್ಲದೆ ವರ್ಷಕ್ಕೆ 90 ರಾತ್ರಿಗಿಂತ ಹೆಚ್ಚು ಕೊಡುವಂತಿಲ್ಲ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ಬಿಗಿ ಮಾಡಿದೆ: 30 ದಿನಕ್ಕಿಂತ ಕಡಿಮೆ ಅವಧಿಗಾದರೆ ಮನೆಯವರು ಜೊತೆಗಿರಬೇಕು, ಅತಿಥಿಗಳು ಇಬ್ಬರಿಗೆ ಮೀರಬಾರದು, ನಗರದ ನೋಂದಣಿ ಇಲ್ಲದೆ ಆ್ಯಪ್ ಬುಕಿಂಗ್ ನಡೆಸುವಂತಿಲ್ಲ. ಸಿಂಗಪುರದಲ್ಲಿ ಖಾಸಗಿ ಮನೆಗೆ ಕನಿಷ್ಠ ಮೂರು ತಿಂಗಳು, ಸರ್ಕಾರಿ ಎಚ್‌ಡಿಬಿ ಫ್ಲ್ಯಾಟಿಗೆ ಆರು ತಿಂಗಳ ಬಾಡಿಗೆಯೇ ಆಗಬೇಕು. ದುಬೈ ಮಾತ್ರ ಪರವಾನಗಿ ಪಡೆದರೆ ರಜಾ ಮನೆ ನಡೆಸಿ ಎನ್ನುತ್ತದೆ. ಲಂಡನ್, ನ್ಯೂಯಾರ್ಕ್‌ಗಳ ನಿಯಮಗಳಿಗೆ ಹೋಲಿಸಿದರೆ ನಮ್ಮಲ್ಲಿ ರಾತ್ರಿಗಳ ಮಿತಿ ಇಲ್ಲ, ಆ್ಯಪ್‌ಗಳ ಮೇಲಿನ ಹಿಡಿತವೂ ಸಡಿಲ. ಮಾಲೀಕರು ಮನೆಯಲ್ಲಿರಬೇಕು ಎಂಬ ಆಶಯದಲ್ಲಿ ಮಾತ್ರ ನ್ಯೂಯಾರ್ಕ್ ಮತ್ತು ಮಡಿಕೇರಿ ಒಂದೇ ಕಡೆ ನಿಂತಿವೆ.

ಕೆಲಸ ಶುರುಮಾಡುವವರು ಮೊದಲು ಪಹಣಿ ಅಥವಾ ಖಾತೆಯ ಪ್ರತಿ ತೆಗೆಸಿ ಅದರಲ್ಲಿ ಯಾರ ಹೆಸರಿದೆ, ನೆಲದ ವರ್ಗ ಏನು ಎಂದು ನೋಡಲಿ. ನಂತರ ಜಿಲ್ಲಾ ಪ್ರವಾಸೋದ್ಯಮ ಕಚೇರಿ, ಆಮೇಲೆ ಪಂಚಾಯಿತಿ ಅಥವಾ ಪಾಲಿಕೆ, ಠಾಣೆ. ಮನೆಯ ವಿಮೆಯಲ್ಲಿ ಹಣ ಕೊಟ್ಟು ತಂಗುವ ಅತಿಥಿಗಳ ವಿಷಯ ಸೇರಿದೆಯೇ ಎಂದು ವಿಮಾ ಏಜೆಂಟರಿಂದ ಲಿಖಿತವಾಗಿ ಕೇಳಿ ಪಡೆಯಲಿ. ನೋಂದಣಿ ಇಲ್ಲದೆ ಈಗಾಗಲೇ ಆ್ಯಪ್‌ನಲ್ಲಿ ಪಟ್ಟಿ ಹಾಕಿದವರು ಅರ್ಜಿ ಸಲ್ಲಿಸಿ, ಪ್ರಮಾಣಪತ್ರ ಬರುವವರೆಗೆ ಕ್ಯಾಲೆಂಡರ್ ಮುಚ್ಚಿಡುವುದು ಒಳ್ಳೆಯದು. ದಸರಾ ರಜೆಗೆ ಮುಂಗಡ ಕೊಟ್ಟವರಿದ್ದರೆ ಅವರಿಗೆ ಈಗಲೇ ತಿಳಿಸಿ ಹಣ ಹಿಂದಿರುಗಿಸಿ. ಬೇರೆ ಕೋಣೆ ಹುಡುಕಲು ಅವರಿಗೂ ಸಮಯ ಬೇಕು.